ಗ್ರೀಕ್ ರಾಜನ ಹೆಸರಿಟ್ಟು ಕೆಟ್ಟೆ

ನನ್ನ ಮಗ ಏನೇ ಪ್ರಶ್ನೆ ಕೇಳಲಿ, ‘ಸುಮ್ನಿರೋ’ ಎಂಬ ಮಾತು ಈ ರವಿಕುಮಾರನ ಬಾಯಿಂದ ಬರುವುದಿಲ್ಲ! ಹೀಗೆಂದು ಆರು ವರ್ಷದ ಹಿಂದೆ, ಅವನಿಗೆ ಹೆಸರಿಟ್ಟ ದಿನ, ಬುದ್ಧವಂದನೆ ಮುಗಿದು ಜನ ಊಟಕ್ಕೆ ಕೂತಿದ್ದಾಗ ಎದ್ದು ನಿಂತು ಘೋಷಿಸಿದೆ. ಕೈಯಲ್ಲಿ ಮೈಕು ಬೇರೆ ಇತ್ತು. ಮೈಕು ಸಿಕ್ಕರೆ ಮನುಷ್ಯ ಏನು ಬೇಕಾದರೂ ಘೋಷಿಸುತ್ತಾನೆ. ಈಗ ನನ್ನ ಸ್ಥಿತಿ ಹೇಗಿದೆಯೆಂದರೆ, ಸಂಜೆ ಕಚೇರಿ ಬಿಟ್ಟ ಮೇಲೆ ನೇರ ಮನೆಗೆ ಹೋಗದೆ ಕಪಿಲಾ ನದಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಹೋಗುತ್ತೇನೆ. ನದಿ ಯಾರನ್ನೂ ಏನನ್ನೂ ಕೇಳುವುದಿಲ್ಲ.

ತಪ್ಪೆಲ್ಲ ಆ ಹೆಸರಿನದು. ನಂಜನಗೂಡಿನ ನಮ್ಮ ಬೀದಿಯಲ್ಲಿ ನಿಂತು ‘ರಾಹುಲ್’ ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ. ‘ಗೌತಮ್’ ಎಂದರೆ ಇನ್ನೂ ಮೂರು. ನಮ್ಮದು ಬೌದ್ಧರ ಮನೆ, ಹೆಸರೂ ಅದಕ್ಕೆ ತಕ್ಕ ಹಾಗಿರಬೇಕು. ಆದರೆ ಊರಲ್ಲಿ ಇನ್ನೊಬ್ಬನಿಗೆ ಇರಬಾರದು! ಮೂರು ತಿಂಗಳು ಲೈಬ್ರರಿಯ ಧೂಳು ಕುಡಿದು ಕೊನೆಗೂ ಒಂದನ್ನು ಹುಡುಕಿ ತಂದೆ. ಮಿಲಿಂದ.

ಸಾಮಾನ್ಯದ ಹೆಸರಲ್ಲ ಅದು. ಅದರ ಮೂಲ ಗ್ರೀಕ್. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ದೇಶದ ವಾಯವ್ಯ ಮೂಲೆಯನ್ನು ಆಳುತ್ತಿದ್ದ ಮೆನಾಂಡರ್ ಎಂಬ ಗ್ರೀಕ್ ರಾಜ ನಮ್ಮವರ ನಾಲಿಗೆಯಲ್ಲಿ ಹೊರಳಿ ಮಿಲಿಂದನಾದ. ಅವನಿಗೆ ಪ್ರಶ್ನೆ ಕೇಳುವ ಚಟ. ಸಿಕ್ಕ ಸಿಕ್ಕ ಪಂಡಿತರನ್ನೆಲ್ಲ ಕೇಳಿ ಕೇಳಿ ಬಾಯಿ ಮುಚ್ಚಿಸಿದ. ಕೊನೆಗೆ ನಾಗಸೇನ ಎಂಬ ಭಿಕ್ಷು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು, ರಾಜ ತಲೆಬಾಗಿದ. ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಾಲೇಜು ಕಟ್ಟಿಸಿದಾಗ ಅದಕ್ಕೂ ಇದೇ ಹೆಸರು. ಮುಂಬೈ ಕಡೆ ಇದೇ ಹೆಸರಿನ ಒಬ್ಬರು ಐವತ್ತು ದಾಟಿದ ಮೇಲೂ ಬರಿಗಾಲಲ್ಲಿ ಮೈಲಿಗಟ್ಟಲೆ ಓಡುತ್ತಾರಂತೆ. ಒಂದು ಹೆಸರಿಗೆ ಇನ್ನೆಷ್ಟು ಘನತೆ ಬೇಕು?

ಇಷ್ಟನ್ನೂ ನಾನು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ವಿವರಿಸಿದಾಗ ನನ್ನ ಹೆಂಡತಿ ರಂಜಿನಿ ಮಗುವಿನ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. “ಊರವರ ಹೆಸರಿಗೆಲ್ಲ ಅರ್ಥ ಹುಡುಕ್ತೀರಲ್ಲ, ನಿಮ್ಮ ಹೆಸರಿಗೆ ಹುಡುಕಿದ್ದೀರಾ? ರವಿಯ ಕುಮಾರ ಅಂದ್ರೆ ಯಾರು ಹೇಳಿ. ಶನಿ” ಎಂದಳು. ನಾನು ಆ ಚರ್ಚೆಯನ್ನು ಅಲ್ಲಿಗೇ ಮುಗಿಸಿದೆ.

ಮಕ್ಕಳು ಮೊದಲು ‘ಅಮ್ಮ’ ಎನ್ನುತ್ತವೆ. ನಮ್ಮದು ‘ಯಾಕೆ’ ಎಂದಿತು. ಅಂದಿನಿಂದ ಆ ‘ಯಾಕೆ’ ನಿಂತಿಲ್ಲ. ಇಡ್ಲಿ ಯಾಕೆ ದುಂಡಗಿದೆ, ಚೌಕ ಯಾಕಿಲ್ಲ? ನಮ್ಮ ಕಪಿಲೆಯೇ ನರಸೀಪುರದವರೆಗೆ ಹೋಗಿ ಕಾವೇರಿಯನ್ನು ಸೇರಬೇಕಾ, ಕಾವೇರಿ ಯಾಕೆ ಇಲ್ಲಿಗೆ ಬರಬಾರದು? ನಾನೋ, ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಹನ್ನೊಂದು ವರ್ಷದಿಂದ ಜನ ಕೇಳಿದ್ದಕ್ಕೆ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ’ ಎನ್ನುತ್ತಾ ಬಂದವನು. ಅಂಥ ನನ್ನ ಹೊಟ್ಟೆಯಲ್ಲಿ ಇಂಥವನು ಹುಟ್ಟಿದ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನನಗೆ ಸಾಕಾಗಿ ಹೋಗಿದೆ, ನಿಜವಾಗಿಯೂ ಸಾಕಾಗಿದೆ.

ಇಷ್ಟೇ ಆಗಿದ್ದರೆ ನನ್ನ ಪಾಡು ನನ್ನ ಮನೆಯೊಳಗೇ ಇರುತ್ತಿತ್ತು. ಆದರೆ ಹೋದ ತಿಂಗಳು ನನ್ನ ತಂಗಿ ಕೋಮಲಳನ್ನು ನೋಡಲು ಗಂಡಿನ ಕಡೆಯವರು ಬಂದರು.

ಕೋಮಲ ನಮ್ಮೂರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಮಾತು ಕಡಿಮೆ, ಸೂಜಿ ಚುಚ್ಚಿದರೆ ಗುರಿ ತಪ್ಪುವುದಿಲ್ಲ. ಈ ಮೊದಲು ಮೂರು ಸಂಬಂಧ ಬಂದು ಹೋಗಿದ್ದವು. ಮೂವರೂ ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದರು, ಮೂವರಿಗೂ ಅವಳು ಆಗುವುದಿಲ್ಲ ಎಂದಳು. ನಮ್ಮಮ್ಮ ಸಾಕಮ್ಮ ರಾತ್ರಿ ನಿದ್ದೆ ಬಿಟ್ಟರು. ಅಪ್ಪ ಇಲ್ಲದ ಮನೆ, ಯಜಮಾನಿಕೆ ನನ್ನ ಹೆಗಲ ಮೇಲೆ. ಹಾಗಾಗಿ ನಾಲ್ಕನೆಯ ಸಂಬಂಧ ಮೂಗೂರಿನಿಂದ ಬಂದಾಗ, ಇದನ್ನು ನಾನೇ ಮುಂದೆ ನಿಂತು ಕುದುರಿಸುತ್ತೇನೆ ಎಂದು ಮೀಸೆ ತಿರುವಿದೆ.

ಹುಡುಗನ ಹೆಸರು ಪ್ರಸಾದ್, ಬಸ್ ಕಂಡಕ್ಟರ್. ಅವನ ಸೋದರಮಾವ ನಿಂಗರಾಜು ಫೋನು ಮಾಡಿ, ಹುಡುಗಿ ಆಮೇಲೆ ಕೆಲಸ ಬಿಡುತ್ತಾಳೆ ತಾನೆ ಎಂದು ಕೇಳಿದರು. “ಬಿಡಿಸ್ತೀವಿ ಸಾ, ಅದೇನು ದೊಡ್ಡ ವಿಷ್ಯ” ಎಂದುಬಿಟ್ಟೆ. ಕೋಮಲಳಿಗೆ ಹೇಳಲಿಲ್ಲ. ಮದುವೆ ನಿಶ್ಚಯವಾದ ಮೇಲೆ ನಿಧಾನವಾಗಿ ಒಪ್ಪಿಸಿದರಾಯಿತು ಎಂದು ನನ್ನ ಲೆಕ್ಕ. ಆ ಹೊತ್ತಿಗೆ ಮಿಲಿಂದ ನನ್ನ ಪಕ್ಕದಲ್ಲೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದ.

ಬರುವ ದಿನ ಇವನನ್ನು ಪಕ್ಕದ ಮನೆಗೆ ಕಳಿಸಿಬಿಡೋಣ ಎಂದಳು ರಂಜಿನಿ. ಅವನು ‘ಯಾಕೆ’ ಎಂದ. ಕೊನೆಗೆ ಅಪ್ಪ-ಮಗನ ನಡುವೆ ಒಪ್ಪಂದವಾಯಿತು. ನೆಂಟರು ಇರುವಷ್ಟು ಹೊತ್ತು ಅವನು ಒಂದೂ ಪ್ರಶ್ನೆ ಕೇಳಕೂಡದು. ಪ್ರತಿಯಾಗಿ ಒಂದು ಚಿಪ್ಪು ರಸಬಾಳೆ ಪೂರ್ತಿ ಅವನದೇ.

ಭಾನುವಾರ ಹನ್ನೊಂದಕ್ಕೆ ಪ್ರಸಾದ್, ಅವನ ತಾಯಿ ಮತ್ತು ನಿಂಗರಾಜು ಬಂದರು. ಮಿಲಿಂದನನ್ನು ಮೆಚ್ಚಬೇಕು, ಮಾತು ತಪ್ಪಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಬಿಸಿ ಬೋಂಡ ಬಂತು. ಮಳೆ-ಬೆಳೆ ಮಾತಾಯಿತು. ಎಲ್ಲ ಹೂವಿನ ಸರದ ಹಾಗೆ ಸಲೀಸಾಗಿ ಹೋಗುತ್ತಿತ್ತು. ಆಗ ನಿಂಗರಾಜು ನನ್ನ ಮಗನ ಹೆಸರು ಕೇಳಿದರು. ಅವನು ಹೇಳಿದ. “ಇದ್ಯಾವ ಎಸ್ರು ಸಾ? ಒಸ್ದಾಗೈತೆ” ಎಂದು ಅವರು ನನ್ನ ಕಡೆ ತಿರುಗಿದರು.

ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು. ಆರು ವರ್ಷದಿಂದ ಯಾರೂ ನನ್ನನ್ನು ಇಷ್ಟು ಮರ್ಯಾದೆಯಿಂದ ಆ ಹೆಸರಿನ ಬಗ್ಗೆ ಕೇಳಿರಲಿಲ್ಲ! ಗ್ರೀಸ್ ದೇಶದಿಂದ ಶುರು ಮಾಡಿದೆ. ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ನಮ್ಮ ದೇಶದ ಹಳೆಯ ಲಿಪಿ ಇರುವ ಆ ರಾಜನ ನಾಣ್ಯಗಳನ್ನು ದಾಟಿ, ಔರಂಗಾಬಾದಿನ ಕಾಲೇಜಿಗೆ ಬಂದು, ಮುಂಬೈ ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದೆ. ಬೋಂಡ ತಣ್ಣಗಾಯಿತು. ಅಡುಗೆಮನೆ ಬಾಗಿಲಲ್ಲಿ ರಂಜಿನಿ ಮೂರು ಸಲ ಕೆಮ್ಮಿದಳು. ನಾನು ನಿಲ್ಲಿಸಲಿಲ್ಲ. ಪ್ರಶ್ನೆ ಕೇಳುವುದೇ ಈ ಹೆಸರಿನ ದೊಡ್ಡಸ್ತಿಕೆ, ಕೇಳದವನು ಮಿಲಿಂದನೇ ಅಲ್ಲ ಎಂದು ಗಟ್ಟಿ ಧ್ವನಿಯಲ್ಲಿ ಮುಗಿಸಿದೆ.

ಸ್ಟೂಲಿನಿಂದ ಒಂದು ಧ್ವನಿ ಬಂತು. “ಹಂಗಾದ್ರೆ ನಾನೂ ಕೇಳ್ಲಾ?”

“ಕೇಳಪ್ಪ ರಾಜ, ಅದ್ಕೇನಂತೆ” ಎಂದರು ನಿಂಗರಾಜು.

ಮೊದಲ ಬಲಿ ಅವರೇ. ನಿಮ್ಮ ಕೂದಲು ತುದಿಯಲ್ಲಿ ಕಪ್ಪಗಿದೆ, ಬುಡದಲ್ಲಿ ಬೆಳ್ಳಗಿದೆ, ಯಾಕೆ ಎಂದು ಕೇಳಿದ. ಅವರು ಬೋಂಡದ ತಟ್ಟೆ ನೋಡಿದರು. ಆಮೇಲೆ ಪ್ರಸಾದ್ ಕಡೆ ತಿರುಗಿದ. ಕಂಡಕ್ಟರಿಗೂ ಟಿಕೆಟ್ ಬೇಕಾ? ಕಂಡಕ್ಟರಿಗೆ ನಿದ್ದೆ ಬಂದರೆ ಸೀಟಿ ಊದುವವರು ಯಾರು? ಪ್ರಸಾದ್ ಕಾಫಿಗೆ ಕಾಯುತ್ತಾ ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳುತ್ತಾ ಹೋದ. ಬೇಜಾರು ಮಾಡಿಕೊಳ್ಳಬೇಡಿ ಎಂದು ನಾನು ಹಲ್ಲು ಗಿಂಜಿದರೆ, ತಲಕಾಡು ಎಂದು ಬೋರ್ಡು ಹಾಕಿದ ಬಸ್ಸಿನ ಕೆಳಗೇ ನಿಂತು ‘ಇದು ತಲಕಾಡಿಗೆ ಹೋಗುತ್ತಾ’ ಎಂದು ದಿನಕ್ಕೆ ನೂರು ಜನ ಕೇಳುತ್ತಾರೆ, ಅಭ್ಯಾಸವಾಗಿದೆ ಎಂದ. ಸದ್ಯ, ಬದುಕಿದೆ ಎಂದುಕೊಂಡೆ.

ಅಷ್ಟರಲ್ಲಿ ಕೋಮಲ ಕಾಫಿ ತಟ್ಟೆ ಹಿಡಿದು ಬಂದಳು.

“ಅತ್ತೆ, ನೀನು ಕೆಲಸ ಬಿಡ್ತೀಯ ಅಂತ ಅಪ್ಪ ಈ ತಾತಂಗೆ ಫೋನಲ್ಲಿ ಹೇಳಿದ್ರಲ್ಲ. ಯಾಕೆ ಬಿಡ್ತೀಯ?”

ಕೋಮಲ ತಟ್ಟೆಯನ್ನು ಟೀಪಾಯಿ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು. “ಹೇಳಿದ್ಯಾ ಅಣ್ಣ?”

ಹನ್ನೊಂದು ವರ್ಷದ ಸರ್ವಿಸ್ ನನ್ನ ನೆರವಿಗೆ ಬಂತು. ಅದು ಹಾಗಲ್ಲ, ಸಂದರ್ಭ ಬೇರೆ, ಆಮೇಲೆ ಕೂತು ಮಾತಾಡೋಣ ಎಂದು ತೊದಲಿದೆ. ಹೌದಾ ಇಲ್ಲವಾ ಎಂದಳು. ಹೌದು ಎಂದೆ.

“ಅಪ್ಪ ಇದ್ದಿದ್ರೆ ಮೊದ್ಲು ನನ್ನ ಒಂದ್ ಮಾತು ಕೇಳ್ತಿದ್ರು.”

ಇಷ್ಟೇ ಹೇಳಿದ್ದು. ತಮಾಷೆ ಹಾಗಿರಲಿ, ಆ ಗಳಿಗೆಯಲ್ಲಿ ನನಗೆ ಬಹಳ ನಾಚಿಕೆಯಾಯಿತು. ಆರು ವರ್ಷದ ಹುಡುಗನಿಗೆ ಕೇಳಬೇಕು ಎನಿಸಿದ್ದು ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ಅಣ್ಣನ ಮಾತು ಒಂದು, ತಂಗಿಯ ಮನಸ್ಸು ಒಂದು, ಇದು ನಮಗೆ ಸರಿ ಬರಲ್ಲ ಎನ್ನುತ್ತಾ ನಿಂಗರಾಜು ಟವೆಲು ಕೊಡವಿ ಎದ್ದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ನಾಲ್ಕನೆಯದೂ ಹೋಯಿತು, ಅದೂ ನನ್ನ ಕೈಯಿಂದಲೇ ಎಂದು ನಾನು ನೆಲ ನೋಡುತ್ತಾ ನಿಂತೆ.

ಪ್ರಸಾದ್ ಮಾತ್ರ ಏಳಲಿಲ್ಲ. “ಕೂತ್ಕಳಿ ಮಾವ. ಕೆಲ್ಸ ಬಿಡ್ಲಿ ಅಂತ ನಾನೇಳಿದ್ನಾ?”

ನಿಂಗರಾಜು ನಿಂತಲ್ಲೇ ತಡವರಿಸಿದರು. ಎಲ್ಲರೂ ಕೇಳುತ್ತಾರಲ್ಲ, ಅದಕ್ಕೆ ತಾವೂ ಕೇಳಿದೆವು ಎಂದರು. ಅಂದರೆ ಅವರು ಹುಡುಗನನ್ನು ಕೇಳಿರಲಿಲ್ಲ, ನಾನು ಹುಡುಗಿಯನ್ನು ಕೇಳಿರಲಿಲ್ಲ. ಇಬ್ಬರು ಯಜಮಾನರು ಫೋನಿನಲ್ಲೇ ಎರಡೂ ಕಡೆಯ ತೀರ್ಮಾನ ಮಾಡಿ ಮುಗಿಸಿದ್ದೆವು.

ಪ್ರಸಾದ್ ಕೋಮಲಳ ಕಡೆ ತಿರುಗಿ, ಕೆಲಸ ಬಿಡಲು ನಿಮಗೆ ಇಷ್ಟವಿದೆಯಾ ಎಂದು ಕೇಳಿದ. ಇಲ್ಲ ಎಂದಳು.

“ಸರಿ, ಹಂಗಾದ್ರೆ ಬಿಡ್ಬೇಡಿ. ಬೆಳಗ್ಗೆ ಏಳೂಕಾಲಿಗೆ ಮೂಗೂರಿಂದ ನಮ್ದೇ ಬಸ್ಸು. ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿಸ್ತೀನಿ. ಹೆಂಗಸ್ರಿಗೆ ಹೆಂಗೂ ಫ್ರೀ.”

ಬೆಳಗಿನಿಂದ ಮೊದಲ ಸಲ ಕೋಮಲ ನಕ್ಕಳು. ಹುಡುಗನ ತಾಯಿ, ಕಾಫಿ ಆರೋಗ್ತದೆ ಕುಡೀರಿ ಎಂದು ತಾವೇ ಲೋಟಗಳನ್ನು ಹಂಚಿದರು. ನಿಂಗರಾಜು ಕೂತರು. ಕೂತ ಮೇಲೆ ಗಂಟಲು ಸರಿಮಾಡಿಕೊಂಡು, ಬರುವ ಭಾನುವಾರ ಮೂಗೂರಿನಲ್ಲಿ ಮದುವೆ ಮಾತುಕತೆ ಇಟ್ಟುಕೊಳ್ಳೋಣ, ನಿಮ್ಮ ಕಡೆಯಿಂದ ಮಾತಾಡುವವರು ಯಾರು ಬರುತ್ತೀರಿ ಎಂದು ಕೇಳಿದರು.

ಮನೆಯ ಯಜಮಾನನಲ್ಲವೇ, ನಾನು ಶರ್ಟು ಎಳೆದುಕೊಂಡು ಬಾಯಿ ತೆರೆದೆ.

“ಮಿಲಿಂದ ಬತ್ತಾನೆ” ಎಂದಳು ಕೋಮಲ. “ಕೇಳ್ಬೇಕಾದ್ದನ್ನೆಲ್ಲ ಅವನೇ ಕೇಳ್ತಾನೆ.”

ಯಾರಾದರೂ ನಗುತ್ತಾರೆಂದು ಸುತ್ತ ನೋಡಿದೆ. ಒಬ್ಬರೂ ನಗಲಿಲ್ಲ. ನಿಂಗರಾಜು ಗಂಭೀರವಾಗಿ ತಲೆಯಾಡಿಸಿದರು, ಅಮ್ಮ ಕೂಡ ಅದೇ ಸರಿ ಎಂದರು. ಹಾಗಾದರೆ ನಾನು ಎಂದು ಮೆಲ್ಲಗೆ ಕೇಳಿದೆ.

ಕೋಮಲ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎಷ್ಟಾದರೂ ಒಡಹುಟ್ಟಿದವಳು, ಕರುಣೆ ಬಂದಿರಬೇಕು.

“ನೀನೂ ಬಾ ಅಣ್ಣ. ನರಸೀಪುರದಲ್ಲಿ ಬಸ್ಸು ಬದ್ಲಾಯಿಸ್ಬೇಕಲ್ಲ, ಅವನಿಗಿನ್ನೂ ಒಬ್ನೇ ರಸ್ತೆ ದಾಟಕ್ಕೆ ಬರಲ್ಲ.”