ಮನೆಯವರಿಗೆ ಗೊತ್ತಿಲ್ಲ ಎಂಬ ದೃಢೀಕರಣ ಪತ್ರ

ಇದನ್ನು ಬರೆಯಲು ಕೂತ ಮೇಲೆ ನನ್ನನ್ನು ಎಬ್ಬಿಸಿದ್ದು ಇದು ನಾಲ್ಕನೇ ಸಲ. ಮೊದಲು ಮಗು, ಆಮೇಲೆ ಉಕ್ಕಿದ ಹಾಲು, ಆಮೇಲೆ ಗ್ಯಾಸಿನವನು. ಈಗ ನಮ್ಮ ಅತ್ತೆ ಬೆಟ್ಟಮ್ಮನವರು. ನನ್ನನ್ನು ಯಾರೂ ಎಬ್ಬಿಸಬಾರದೆಂದು ಮನೆಯವರಿಗೆಲ್ಲ ಹೇಳಿದ್ದಾರಂತೆ. ಅದನ್ನು ತಿಳಿಸಲು ಎಬ್ಬಿಸಿದರು.

ಹೊರರೋಗಿಯ ಹಕ್ಕುಗಳಲ್ಲಿ ಮೊದಲನೆಯದು ಗೌಪ್ಯತೆ. ನಾನು ಹೋಗುವುದು ಹಾಸನದ ಒಂದು ಮನೋವೈದ್ಯ ಚಿಕಿತ್ಸಾಲಯಕ್ಕೆ. ಅಲ್ಲಿ ರೋಗಿಯ ಹೆಸರನ್ನು ಅವರು ಹೇಳುವುದಿಲ್ಲ. ಚಿಕಿತ್ಸಾಲಯದ ಹೆಸರನ್ನು ನಾನೂ ಹೇಳುವುದಿಲ್ಲ.

ಎರಡನೇ ಮಗುವಿಗೆ ಎಂಟು ತಿಂಗಳು. ಮಗು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಹೇಳಿದರೆ ನಮ್ಮೂರು ಕಟ್ಟಾಯಕ್ಕೆಲ್ಲ ಹೇಳಿದಂತೆ. ಆದ್ದರಿಂದ ಮಗುವಿಗೆ ಚುಚ್ಚುಮದ್ದು ಎಂದು ಸುಳ್ಳು ಹೇಳಿ ಹೋದೆ. ನೋಂದಣಿ ಕೌಂಟರಿನಲ್ಲಿ ಪರಮೇಶ್ ಎಂಬುವರು ಕೂತಿದ್ದರು.

"ಏನ್ ತೊಂದ್ರೆ ಮೇಡಂ?"

"ನಿದ್ದೆ ಇಲ್ಲ ಸಾ. ಮೊನ್ನೆ ಸೊಪ್ಪು ಬಿಡಿಸ್ತಾ ಕೂತಿದ್ದೋಳು ಸುಮ್‌ಸುಮ್ನೆ ಅತ್ತೆ."

ಅವರು ಎಲ್ಲ ಅರ್ಥವಾದವರಂತೆ ತಲೆಯಾಡಿಸಿ ಬರೆದರು: ‘ತೊಂದರೆ: ಅತ್ತೆ.’

"ಅತ್ತೆ ಅಲ್ಲ ಸಾ, ಅತ್ತೆ."

"ಅದನ್ನೇ ಬರ್ದಿದೀನಿ, ನೋಡಿ."

ನೋಡಿದೆ. ಅದನ್ನೇ ಬರೆದಿದ್ದರು. ಹತ್ತನೇ ತರಗತಿಯಲ್ಲಿ ಕನ್ನಡಕ್ಕೆ ನೂರಾ ಹದಿನೈದು ತೆಗೆದವಳು ನಾನು. ತಿದ್ದೋಣವೆಂದರೆ ಒಂದಕ್ಷರವೂ ತಪ್ಪಿರಲಿಲ್ಲ.

ಹೆಸರು ಕೂಗುವಂತಿಲ್ಲವಾದ್ದರಿಂದ ಮೈಕಿನಲ್ಲಿ, "ಕಟ್ಟಾಯದ ಅತ್ತೆ ತೊಂದರೆಯವರು ಬನ್ನಿ" ಎಂದು ಕರೆದರು. ಎದ್ದು ಹೋದೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ಬಹಳ ಮರ್ಯಾದೆಯಿಂದ ದಾರಿ ಬಿಟ್ಟರು.

ಹಕ್ಕು ಮತ್ತು ಜವಾಬ್ದಾರಿ ವಿಭಾಗದ ಶಾಂತಕುಮಾರಿ ಮೇಡಂ ಒಂದು ಫಾರಂ ಕೊಟ್ಟರು. ‘ರೋಗಿಯು ಚಿಕಿತ್ಸೆಗೆ ಬರುತ್ತಿರುವ ವಿಷಯ ನನಗೆ ತಿಳಿದಿರುವುದಿಲ್ಲ ಎಂದು ಮನೆಯ ಹಿರಿಯರು ಈ ಮೂಲಕ ದೃಢೀಕರಿಸತಕ್ಕದ್ದು.’ ಕೆಳಗೆ ಪರಮೇಶರು ಆಗಲೇ ತುಂಬಿದ್ದ ರೋಗಿಯ ಹೆಸರು, ತೊಂದರೆ; ಹಿರಿಯರ ಸಹಿಗೆ ಖಾಲಿ ಜಾಗ.

"ಮೇಡಂ, ಇದಕ್ಕೆ ಸೈನ್ ಹಾಕಿಸಿದ್ರೆ ಅವ್ರಿಗೆ ಗೊತ್ತಾಗೋಯ್ತದಲ್ಲ?"

"ಗೊತ್ತಿಲ್ಲ ಅಂತ ಅವ್ರೇ ಬರ್ಕೊಡ್ತಾರಲ್ಲಮ್ಮ, ಇನ್ನೇನು ಭಯ? ಹಕ್ಕೂ ನಿಮ್ದೇ, ಜವಾಬ್ದಾರಿನೂ ನಿಮ್ದೇ. ನಮ್ದು ಬರೀ ಸೀಲು."

ಫಾರಂ ಇಲ್ಲದೆ ಡಾಕ್ಟರನ್ನು ಕಾಣುವಂತಿಲ್ಲ. ಮೂರು ಸೋಮವಾರ ಹೋಗಿ ಬೇಡಿಕೊಂಡೆ. ಅಷ್ಟರಲ್ಲಿ ಮಗುವಿಗೆ, ಬಾಯಿಮಾತಿನಲ್ಲಿ, ಜಗತ್ತಿನ ಎಲ್ಲ ರೋಗಕ್ಕೂ ಚುಚ್ಚುಮದ್ದು ಬಿದ್ದಿತ್ತು. ನಿದ್ದೆ ಮಾತ್ರ ಬರಲಿಲ್ಲ. ಒಂದು ಮಧ್ಯಾಹ್ನ ಮಗುವಿನ ಸ್ನಾನದ ನೀರಿನ ಚೊಂಬು ಕೈಯಿಂದ ಜಾರಿಬಿತ್ತು. ಪುಣ್ಯಕ್ಕೆ ನೀರು ಉಗುರುಬೆಚ್ಚಗಿತ್ತು, ಚೊಂಬು ಬಿದ್ದಿದ್ದು ನನ್ನ ಕಾಲಿನ ಮೇಲೆ. ಅವತ್ತೇ ಫಾರಂ ಹಿಡಿದು ಅತ್ತೆಯ ಮುಂದೆ ಹೋಗಿ ನಿಂತೆ.

"ಅತ್ತೆಮ್ಮ, ನಿಮಗೇನೂ ಗೊತ್ತಿಲ್ಲ ಅಂತ ಒಂದು ಸೈನ್ ಹಾಕಿ."

"ಏನ್ ಗೊತ್ತಿಲ್ಲ ಅಂತ?"

"ಅದನ್ನ ನಿಮಗೆ ಹೇಳಂಗಿಲ್ಲ."

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ತೊಂದರೆ’ ಎಂಬಲ್ಲಿಗೆ ಬಂದು ನಿಂತರು.

"ನಾನಾ?"

"ನೀವಲ್ಲ ಅತ್ತೆಮ್ಮ. ಅಳೋ ಅತ್ತೆ."

"ಅಳೋ ಅತ್ತೆ ಬೇರೆ ಯಾರವ್ಳೆ ಈ ಮನೇಲಿ? ನಾನೇಯ!"

ಹೀಗೆಂದವರು ಒಳಗೆ ಹೋಗಿ ರಾಗಿ ಡಬ್ಬದ ಕೆಳಗಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದ ತಂದರು. ಅದೇ ಫಾರಂ. ಅದೇ ಪರಮೇಶರ ಕೈಬರಹ. ‘ತೊಂದರೆ: ಸೊಸೆ.’ ಗುರುವಾರ ಗುರುವಾರ ಅರಕಲಗೂಡಿನ ತಂಗಿ ಮನೆಗೆಂದು ಹೋಗಿ, ತಂಗಿ ಮನೆಯಿಂದ ಒಂದು ಹಿಡಿ ಹುರಳಿಕಾಳೂ ತರದೆ ಬರುತ್ತಿದ್ದರು. ನನಗೆ ಆಗಲೇ ಹೊಳೆಯಬೇಕಿತ್ತು.

"ನಿಮ್ದೂ ತಪ್ಪು ಬರ್ದವ್ರಾ ಅತ್ತೆಮ್ಮ?"

"ನಂದ್ರಲ್ಲಿ ತಪ್ಪಿಲ್ಲ ಕಣಮ್ಮಿ, ನಾನೇ ಹೇಳಿ ಬರ್ಸಿದ್ದು. ನೀನು ಸೊಪ್ಪಿನ ಮುಂದೆ ಕೂತ್ಕಂಡು ಅಳ್ತಿದ್ದಲ್ಲ, ಕೇಳಿದ್ರೆ ಈರುಳ್ಳಿ ಅಂದೆ. ಸೊಪ್ಪಲ್ಲಿ ಎಲ್ಲೈತೆ ಈರುಳ್ಳಿ? ಅವತ್ತಿಂದ ನಂಗೂ ನಿದ್ದೆ ಇಲ್ಲ. ಮನೇಲಿ ಹಿರಿಯರು ಯಾರೂ ಇಲ್ಲ, ನಾನೇ ಹಿರೀಳು ಅಂದ್ರೂ ಆ ಮೇಡಂ ಕೇಳ್ಲಿಲ್ಲ."

ನನಗೆ ಗೊತ್ತಿಲ್ಲವೆಂದು ನಾನು ಸಹಿ ಮಾಡಿದೆ. ತಮಗೆ ಗೊತ್ತಿಲ್ಲವೆಂದು ಅವರು ಸಹಿ ಮಾಡಿದರು.

ಸೋಮವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಶಾಂತಕುಮಾರಿ ಮೇಡಂ ಎರಡೂ ಫಾರಂ ನೋಡಿ ಸಂತೋಷಪಟ್ಟರು. ಗೌಪ್ಯತೆಯನ್ನು ಇಷ್ಟು ಅಚ್ಚುಕಟ್ಟಾಗಿ ಕಾಪಾಡಿದ ಮನೆಯನ್ನು ಅವರು ನೋಡಿರಲಿಲ್ಲವಂತೆ. ನನಗೆ ಅತ್ತೆ ಹಿರಿಯರಾದರು. ಅತ್ತೆಗೆ, ವಿಶೇಷ ಪ್ರಕರಣವೆಂದು ಪರಿಗಣಿಸಿ, ನನ್ನನ್ನೇ ಹಿರಿಯಳೆಂದು ಒಪ್ಪಿಕೊಂಡು ಸೀಲು ಒತ್ತಿದರು.

ಗೋಡೆಯ ಮೇಲೆ ಜವಾಬ್ದಾರಿಗಳ ಪಟ್ಟಿಯಿತ್ತು. ‘ರೋಗಿಯು ತನ್ನ ತೊಂದರೆಯನ್ನು ಮುಚ್ಚಿಡದೆ ವೈದ್ಯರ ಮುಂದಿಡತಕ್ಕದ್ದು.’ ನಿಯಮದಂತೆ ನಾನು ಅತ್ತೆಯನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದೆ. ನಿಯಮದಂತೆ ಅತ್ತೆ ನನ್ನ ರಟ್ಟೆ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಫೈಲು ನೋಡಿದರು, ಇನ್ನೊಂದು ನೋಡಿದರು, ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು:

"ನಿಮ್ಮಿಬ್ಬರಲ್ಲಿ ರೋಗಿ ಯಾರು, ತೊಂದರೆ ಯಾರು?"