ಮುಟ್ಟದೆ ಬಂದ ಹರಳು

ಇಷ್ಟಕ್ಕೆಲ್ಲ ಕಾರಣ ಶರ್ಟಿನ ಮೇಲಿನ ಒಂದು ಶಾಯಿ ಕಲೆ. ದೇಶದ ಶಿಕ್ಷಣ ಮತ್ತು ವಿಜ್ಞಾನ ಮಂಡಳಿಯ ಅಧ್ಯಕ್ಷರು, ಒಂದು ಕಾಲದ ಹೆಸರಾಂತ ರಸಾಯನಶಾಸ್ತ್ರಜ್ಞರು, ಅದನ್ನು ತೆಗೆಯಲು ಹೋಗಿ ಬೆಳಿಗ್ಗೆ ಏಳು ಗಂಟೆಗೇ ಶರ್ಟಿಗೆ ಅಂಗೈಯಗಲದ ತೂತು ಮಾಡಿದರು.

"ರೀ, ನೀವು ಕೆಮಿಸ್ಟ್ ಆಗಿದ್ದಿದ್ದು ಯಾವ ಕಾಲದಲ್ಲೋ," ಎಂದರು ಹೆಂಡತಿ, ಆ ತೂತಿನೊಳಗಿಂದಲೇ ಗಂಡನ ಮುಖ ನೋಡುತ್ತ. "ಈಗ ನಿಮಗೆ ಬರೋದು ಸಹಿ ಹಾಕೋದೊಂದೇ."

ಮಾತು ನಾಟಿತು. ಸಹಿಗಾಗಿ ಕಾದಿದ್ದ ಕಾಗದವೂ ಮೇಜಿನ ಮೇಲಿತ್ತು. ಇನ್ನೂ ಐದು ವರ್ಷ ಅಧ್ಯಕ್ಷರಾಗಿರಲು ಒಪ್ಪಿಗೆ ಪತ್ರ. ಸಂಜೆ ಐದರೊಳಗೆ ಸಚಿವಾಲಯ ಸೇರದಿದ್ದರೆ ಕುರ್ಚಿ ಬೇರೆಯವರ ಪಾಲು.

"ಇವತ್ತು ನನ್ನ ಹಳೇ ಲ್ಯಾಬಿಗೆ ಹೋಗ್ತೀನಿ. ಹರಳು ಬಂತೋ, ಈ ಕಾಗದ ಹರಿದು ಹಾಕಿ ನಾಳೆಯಿಂದ ಅಲ್ಲೇ ಕೂರ್ತೀನಿ. ಬರಲಿಲ್ವೋ, ನೀನು ಹೇಳಿದ ಹಾಗೆ ಸಹಿ ಹಾಕ್ಕೊಂಡಿರ್ತೀನಿ."

"ಹೋಗಿ ಬನ್ನಿ. ಒಳ್ಳೇ ಶರ್ಟ್ ಹಾಕ್ಕೊಂಡು ಹೋಗ್ಬೇಡಿ ಅಷ್ಟೆ."

ಆ ಹರಳಿನದೊಂದು ದೊಡ್ಡ ಕತೆ. ಮೂವತ್ತು ವರ್ಷದ ಹಿಂದೆ, ಯಾರು ಎಷ್ಟು ಕಲಕಿ ಕುಲುಕಿದರೂ ಜೇನಿನಂತೆ ಅಂಟಂಟಾಗಿಯೇ ಉಳಿಯುತ್ತಿದ್ದ ಒಂದು ಔಷಧಿ ಇವರ ಪಾತ್ರೆಯಲ್ಲಿ ಮಾತ್ರ ಹರಳುಗಟ್ಟಿತ್ತು. ಇವರು ಮಾಡಿದ್ದಿಷ್ಟೆ, ಮುಟ್ಟದೆ ಬಿಟ್ಟಿದ್ದರು. 'ಮುಟ್ಟಬೇಡಿ, ಕಾಯಿರಿ' ಎಂಬ ಅವರ ವಿಧಾನ ಪುಸ್ತಕವಾಯಿತು, ಭಾಷಣವಾಯಿತು, ಕೊನೆಗೆ ದೇಶದ ಶಿಕ್ಷಣ ನೀತಿಯೇ ಆಯಿತು. ಮಕ್ಕಳನ್ನು ಕೆದಕಬೇಡಿ, ತಾವಾಗಿಯೇ ಹರಳುಗಟ್ಟುತ್ತಾರೆ ಎಂದರು. ಜನ ಪ್ರೀತಿಯಿಂದ 'ಹರಳಪ್ಪ' ಎಂದರು. ಹುದ್ದೆಯಿಂದ ಹುದ್ದೆಗೆ ಏರಿದ ಹರಳಪ್ಪನವರು ಆಮೇಲೆ ಲ್ಯಾಬಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಬಾಗಿಲಲ್ಲೇ ಕಾವಲುಗಾರ ತಡೆದ. "ಸುರಕ್ಷತೆ ತರಬೇತಿ ಆಗದೆ ಒಳಗೆ ಬಿಡೋ ಹಾಗಿಲ್ಲ ಸರ್. ಅಧ್ಯಕ್ಷರ ಆದೇಶ."

"ನಾನೇ ಕಣಯ್ಯ ಅಧ್ಯಕ್ಷ."

"ಹಾಗಾದ್ರೆ ಆದೇಶ ನಿಮಗೆ ಗೊತ್ತೇ ಇರುತ್ತೆ."

ಮುಕ್ಕಾಲು ಗಂಟೆಯ ವಿಡಿಯೋ ನೋಡಬೇಕಾಯಿತು. ಅದರಲ್ಲಿ ಅರ್ಧ ಗಂಟೆ ಅವರದೇ ಭಾಷಣ. ನಡುವೆ ಅವರಿಗೆ ತೂಕಡಿಕೆ ಬಂತು. ಕಾವಲುಗಾರ ತಟ್ಟಿ ಎಬ್ಬಿಸಿ ಮತ್ತೆ ಮೊದಲಿನಿಂದ ಹಾಕಿದ.

ಲ್ಯಾಬಿನಲ್ಲಿ ಗುರುತಿನ ಮುಖ ಉಳಿದಿದ್ದುದು ಸ್ಟೋರಮ್ಮನದೊಂದೇ. ಗಾಜಿನ ಪಾತ್ರೆಗಳನ್ನು ತೊಳೆದು, ಒರೆಸಿ, ಬೀಗ ಹಾಕಿ ಕಾಪಾಡುವುದೇ ಅವರ ಬದುಕಾಗಿತ್ತು. ಹರಳಪ್ಪನವರು ಮೊದಲನೇ ಪಾತ್ರೆ ಕೆಳಗೆ ಹಾಕಿದಾಗ ಅವರು ಪೊರಕೆ ತಂದು ಚೂರು ಗುಡಿಸಿದರು. ಎರಡನೆಯದೂ ಒಡೆದಾಗ, "ಕೈ ಒರೆಸ್ಕೊಳ್ಳಿ ಸರ್," ಎಂದು ಮೂರನೆಯದನ್ನು ತಾವೇ ಹಿಡಿದುಕೊಂಡು ನಿಂತರು.

ಔಷಧಿ ಕರಗಿಸಿ, ತಣಿಯಲು ಇಟ್ಟದ್ದೇ ತಡ, ಸುದ್ದಿ ಹಬ್ಬಿ ಸಂಶೋಧಕರೆಲ್ಲ ಸೇರಿದರು. ಒಬ್ಬ ಐಸ್ ಇಡಿ ಎಂದ, ಒಬ್ಬಳು ಬೇಡ ಎಂದಳು, ಇನ್ನೊಬ್ಬ ನಿಂತುಹೋದ ತನ್ನ ಬಡ್ತಿಯ ವಿಷಯ ತೆಗೆದ. ಇರುವೆಗೆ ಬೆಲ್ಲದ ವಾಸನೆ ಬಡಿದಂತೆ ಮಂಡಳಿಯ ಕಾರ್ಯದರ್ಶಿಯೂ ಕಡತಗಳೊಂದಿಗೆ ಬಂದ.

"ಹೇಗೂ ಕಾಯ್ತಾ ಕೂತಿದೀರಲ್ಲ ಸರ್, ಹಾಗೇ ಒಂದೊಂದು ಸಹಿ ಹಾಕಿಬಿಡಿ."

ನಾಲ್ಕು ಗಂಟೆಯ ಹೊತ್ತಿಗೆ ಅರವತ್ತು ಸಹಿ ಬಿದ್ದಿತ್ತು. ಪಾತ್ರೆಯಲ್ಲಿ ಅದೇ ಜೇನು. ಹರಳಪ್ಪನವರ ಮುಖ ಸಪ್ಪಗಾಯಿತು. ಹೆಂಡತಿ ಹೇಳಿದ್ದೇ ನಿಜವೇನೋ ಎನ್ನಿಸಿತು.

ಸ್ಟೋರಮ್ಮ ಎದ್ದರು. "ಎಲ್ಲರೂ ನಡೀರಿ ಆಚೆ. ಸರ್, ನೀವೂ ಒಂದು ಚಹಾ ಕುಡ್ಕೊಂಡು ಬನ್ನಿ."

ಚಹಾ ಮುಗಿಸಿ ಬಂದು ನೋಡಿದರೆ ಪಾತ್ರೆಯ ತುಂಬ ಬೆಳ್ಳನೆಯ ಹರಳು! ಹರಳಪ್ಪನವರು ಕಾರ್ಯದರ್ಶಿಯನ್ನೇ ತಬ್ಬಿಕೊಂಡರು. ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಒಪ್ಪಿಗೆ ಪತ್ರ ಹರಿದು ಬುಟ್ಟಿಗೆ ಹಾಕಿದರು.

"ಸ್ಟೋರಮ್ಮ, ನಾಳೆಯಿಂದ ಈ ಮೇಜು ನನ್ನದು. ಮೂವತ್ತು ವರ್ಷ ಆದ್ರೂ ಕೈ ಮರೆತಿಲ್ಲ ನೋಡಿ."

"ಬನ್ನಿ ಸರ್, ಸಂತೋಷ. ಆದ್ರೆ ತಿಂಗಳ ಕೊನೆಗೆ ನಾನು ರಿಟೈರ್. ಆಮೇಲೆ ಯಾರು ಕೆರೀತಾರೆ ಅಂತ."

"ಕೆರೆಯೋದಾ? ಏನನ್ನ?"

"ಪಾತ್ರೇನ. ಗಾಜಿನ ಕಡ್ಡೀಲಿ ಒಳಗಡೆ ತಳದ ಹತ್ರ ಮೆಲ್ಲಗೆ ಕೆರೀಬೇಕು. ಆಗಲೇ ಇದು ಹರಳಾಗೋದು."

"ಆವತ್ತೂ...?"

"ಆವತ್ತು ನೀವು ಊಟಕ್ಕೆ ಹೋಗಿದ್ರಿ. ತೊಳೆಯೋ ಪಾತ್ರೆ ಅಂದ್ಕೊಂಡೆ, ಅಂಟು ಬಿಡಲಿ ಅಂತ ಕೆರೆದೆ. ಹೇಳೋಣ ಅಂತ ಬಂದ್ರೆ ನೀವು ಕುಣೀತಾ ಇದ್ರಿ."

ಹರಳಪ್ಪನವರು ಸ್ಟೂಲಿನ ಮೇಲೆ ಕುಸಿದರು. ಪುಸ್ತಕ, ಭಾಷಣ, ನೀತಿ ಎಲ್ಲವೂ ಕಣ್ಣ ಮುಂದೆ ಬಂದು ಹೋಯಿತು. ಆದರೂ ಹರಳು ಕಂಡ ಆ ಗಳಿಗೆಯ ಖುಷಿ ಬಿಡಲು ಮನಸ್ಸು ಬರಲಿಲ್ಲ. "ಇವರ ಸೇವೆ ಎರಡು ವರ್ಷ ಮುಂದುವರಿಸೋಕೆ ಯಾರು ಸಹಿ ಹಾಕ್ಬೇಕಯ್ಯ?" ಎಂದು ಕಾರ್ಯದರ್ಶಿಯನ್ನು ಕೇಳಿದರು.

"ಅಧ್ಯಕ್ಷರು ಸರ್. ಆದ್ರೆ ಆದೇಶ ಹೊರಡೋದು ನಾಳೆ. ನಾಳೆ ಯಾರು ಅಧ್ಯಕ್ಷರೋ ಅವರು."

ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಅಧ್ಯಕ್ಷರ ಸ್ವಭಾವ ಬಲ್ಲ ಕಾರ್ಯದರ್ಶಿಯ ಬ್ಯಾಗಿನಲ್ಲಿ ಒಪ್ಪಿಗೆ ಪತ್ರದ ಇನ್ನೊಂದು ಪ್ರತಿಯಿತ್ತು. ಹರಳಪ್ಪನವರು ಸಹಿ ಹಾಕಿದರು. ಅವನು ಅದನ್ನು ಹಿಡಿದು ಸಚಿವಾಲಯಕ್ಕೆ ಓಡಿದ.

"ಇನ್ನು ಚಿಂತೆಯಿಲ್ಲ ಸ್ಟೋರಮ್ಮ. ನೀವು ಎರಡು ವರ್ಷ ಇಲ್ಲೇ ಇರ್ತೀರಿ. ನಾನು ಶನಿವಾರ ಶನಿವಾರ ಬರ್ತೀನಿ, ಇಬ್ಬರೂ ಸೇರಿ ಮಾಡೋಣ."

ಸ್ಟೋರಮ್ಮ ಕೈಲಿದ್ದ ಬಟ್ಟೆ ಮಡಿಸಿಟ್ಟರು. "ನನಗೆ ಬೇಡ ಸರ್. ಮಗಳ ಮನೆಗೆ ಹೊರಟಿದೀನಿ, ಟಿಕೆಟ್ ಕೂಡ ಆಗಿದೆ."

"ಅಯ್ಯೋ, ಮೊದಲೇ ಹೇಳಬಾರದಾಗಿತ್ತಾ?"

"ನೀವು ಕೇಳಲಿಲ್ಲ ಸರ್," ಎಂದರು ಅವರು, ಕೋಪವಿಲ್ಲದೆ. "ಆವತ್ತೂ ಕೇಳಲಿಲ್ಲ."

ಹರಳಪ್ಪನವರಿಗೆ ನಾಚಿಕೆಯಾಯಿತು. ಎದ್ದು, ತಾವು ಕೂತಿದ್ದ ಸ್ಟೂಲನ್ನು ಅವರ ಕಡೆ ಸರಿಸಿ, ನಿಂತುಕೊಂಡೇ ಕೇಳಿದರು. "ತಪ್ಪಾಯ್ತಮ್ಮ. ಹೇಗೆ ಕೆರೆಯೋದು ಅಂತ ನನಗೂ ಕಲಿಸಿಕೊಡ್ತೀರಾ?"

ಸ್ಟೋರಮ್ಮ ಸ್ಟೂಲಿನ ಮೇಲೆ ಆರಾಮಾಗಿ ಕೂತರು. "ಅದಕ್ಕೇನಂತೆ ಸರ್, ಕಲಿಸ್ತೀನಿ. ಆದ್ರೆ ಇನ್ನೈದು ವರ್ಷ ನಿಮಗೆ ಪುರುಸೊತ್ತೆಲ್ಲಿದೆ?"