ಆರು ಬಾಳೆಹಣ್ಣು, ಒಬ್ಬ ಸಾಕ್ಷಿ

ಆ ಮಂಗಳವಾರ ಪಕ್ಕದಂಗಡಿಯ ಕ್ಷೌರಿಕ "ಎಲ್ಲಿಗೆ ಹೊರಟೆ?" ಎಂದಾಗ ಮುಳ್ಳಣ್ಣ ನಿಜ ಹೇಳಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಮುಳ್ಳಣ್ಣನೆಂದರೆ ಗಡಿಯಾರ ರಿಪೇರಿಯವನು. ಹಗಲೆಲ್ಲ ಮುಳ್ಳುಗಳ ಜೊತೆ ಬದುಕುವವನೆಂದು ಬೀದಿಯವರು ಇಟ್ಟ ಹೆಸರು. ಸಂಜೆಯಾದರೆ ಬಾಟಲಿಯ ಸಹವಾಸ. ಸಾಸಿವೆಗಿಂತ ಸಣ್ಣ ತಿರುಪು ಚಿಮಟದ ತುದಿಯಲ್ಲಿ ಕುಣಿಯತೊಡಗಿದಾಗ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಎರಡು ಬೀದಿಯಾಚೆಯ ತವರಿಗೆ ನಡೆದಿದ್ದಳು. "ಕುಡಿತ ಬಿಡೋರ ಸಭೆ ಅಂತ ಇರುತ್ತಂತೆ, ಹೋಗಿ ಬನ್ನಿ. ಹೋಗಿದ್ದು ನಿಜ ಅಂತ ಯಾರಾದ್ರೂ ಒಬ್ಬರು ಹೇಳಲಿ, ಅವತ್ತೇ ವಾಪಸ್ ಬರ್ತೀನಿ" ಎಂದಿದ್ದಳು. ಅವಳನ್ನು ಕರೆದೊಯ್ಯಲು ಬಂದಿದ್ದ ಮಾವ ಕೊಡೆ ಊರಿ ನಿಂತು, ತಮ್ಮ ಮನೆತನದಲ್ಲಿ ಬಾಟಲಿಯ ಮುಚ್ಚಳ ಮೂಸಿದವರೂ ಇಲ್ಲವೆಂದು ಗುಡುಗಿದ್ದರು.

ಹತ್ತೊಂಬತ್ತು ದಿನದಿಂದ ಅವನು ಹನಿ ಮುಟ್ಟಿರಲಿಲ್ಲ. ಬಿಡುವುದಕ್ಕಿಂತ ಹುಡುಕುವುದು ಕಷ್ಟವಾಗಿತ್ತು. ಆ ಸಭೆಗೆ ಬೋರ್ಡಿಲ್ಲ. ಯಾರನ್ನಾದರೂ ಕೇಳಿದರೆ ಗುಟ್ಟು ರಟ್ಟು. ಅಜ್ಜಿಯ ಕತೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣ ಅಡಗಿದಂತೆ ಅದೆಲ್ಲೋ ಅಡಗಿತ್ತು. ಕೊನೆಗೆ ದವಾಖಾನೆಯ ಗೋಡೆಯ ಮೂಲೆಯಲ್ಲಿ ಬೆರಳುದ್ದದ ಚೀಟಿ ಕಂಡಿತು: ಮಂಗಳವಾರ ಸಂಜೆ ಐದು, ಗ್ರಂಥಾಲಯದ ಹಿಂದಿನ ಕೋಣೆ.

ಒಳಗೆ ಏನು ಮಾಡುತ್ತಾರೆ? ಕುರ್ಚಿಗೆ ಕಟ್ಟಿ ಕಷಾಯ ಹೊಯ್ಯುತ್ತಾರೋ, ಮುಂದೆ ಬಾಟಲಿ ಇಟ್ಟು ಪರೀಕ್ಷೆ ಮಾಡುತ್ತಾರೋ? ಹೆದರಿಕೆಗಿಂತ ಕುತೂಹಲವೇ ಒಂದು ತೂಕ ಹೆಚ್ಚಾಗಿತ್ತು.

ಕ್ಷೌರಿಕನಿಗೆ ಅವನು ಹೇಳಿದ್ದು ಹಲ್ಲುನೋವು ಎಂದು. ಕ್ಷೌರಿಕ ಬಿಡುವ ಆಸಾಮಿಯೇ? ಕುರ್ಚಿಗೆ ಒರಗಿಸಿ, ದವಡೆ ಅಗಲಿಸಿ, ಗಟ್ಟಿಮುಟ್ಟಾದ ಹಲ್ಲಿಗೆ ಅರ್ಧ ಸೀಸೆ ಲವಂಗದ ಎಣ್ಣೆ ಸುರಿದು, ಗಲ್ಲದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದ. ಬಾಯಿ ಉರಿಸಿಕೊಂಡು ಓಡುತ್ತಿದ್ದವನನ್ನು ಮೂಲೆಯ ಇಸ್ತ್ರಿ ಅಕ್ಕ ತಡೆದಳು. ಅವಳ ಮುಂದೆ ಹಲ್ಲಿನ ಮಾತೆತ್ತಿದರೆ ಇನ್ನೇನು ಕಾದಿದೆಯೋ ಎಂದು, ಆಸ್ಪತ್ರೆಯಲ್ಲಿ ನೆಂಟರೊಬ್ಬರಿದ್ದಾರೆ ಎಂದುಬಿಟ್ಟ.

"ಬರಿಗೈಲಿ ಹೋಗ್ತಾರೇನೋ, ಬುದ್ಧಿ ಇಲ್ದೋನೆ" ಎಂದು ಅವಳು ಆರು ಬಾಳೆಹಣ್ಣು ಕೈಗೆ ತುರುಕಿದಳು.

ಹೀಗೆ ಮದುವಣಿಗನಂತೆ ತಲೆಗೆ ಬಟ್ಟೆ ಸುತ್ತಿಕೊಂಡು, ಹಣ್ಣು ಹಿಡಿದು, ಐದಕ್ಕೆ ಸರಿಯಾಗಿ ಅವನು ಹಿಂದಿನ ಕೋಣೆಯ ಬಾಗಿಲು ತಳ್ಳಿದ.

ಕಷಾಯವಿರಲಿಲ್ಲ, ಚಹಾ ಇತ್ತು. ದುಂಡಗೆ ಎಂಟು ಕುರ್ಚಿ. ಅವನ ಬಟ್ಟೆಯನ್ನು ನೋಡಿ ಯಾರೂ ಏನೂ ಕೇಳಲಿಲ್ಲ; ಬೀದಿಯಲ್ಲಿ ಹುಟ್ಟಿ ಬೆಳೆದವನಿಗೆ ಅದೇ ದೊಡ್ಡ ಅಚ್ಚರಿ. ಶಾಲೆಯ ಟೀಚರಂತೆ ಕಾಣುವ ಒಬ್ಬಾಕೆ, ಅಕ್ಕಿ ಡಬ್ಬಿಯೊಳಗೆ ತಾನು ಬಾಟಲಿ ಹೂತಿಡುತ್ತಿದ್ದ ಕತೆ ಹೇಳಿದರು. ಮುಳ್ಳಣ್ಣ ಕಿವಿಯನ್ನು ಬಟ್ಟೆಯಿಂದ ಹೊರಗೆಳೆದು ಕೇಳಿದ. ಅವನು ಗೋಡೆ ಗಡಿಯಾರದ ಹೊಟ್ಟೆಯೊಳಗೆ ಇಡುತ್ತಿದ್ದ. ಅದನ್ನು ಹೇಳಿದಾಗ ಎಲ್ಲರೂ ನಕ್ಕರು, ಅವನೂ ನಕ್ಕ. ಎದೆಯ ಮೇಲಿನ ಬೀಸುಕಲ್ಲು ಒಂದು ಗೇಣು ಸರಿದಂತಾಯಿತು.

ಆಗ ತಡವಾಗಿ ಒಬ್ಬರು ಬಂದರು. ಮೊದಲು ಕೊಡೆ ಕಂಡಿತು, ಆಮೇಲೆ ಮಾವ.

ಮಾವನ ಮುಖ ಕೀಲಿ ಮುಗಿದ ಗಡಿಯಾರದಂತೆ ನಿಂತುಹೋಯಿತು. ತಿರುಗಿ ಹೋಗುವಂತಿರಲಿಲ್ಲ, ಖಾಲಿ ಇದ್ದದ್ದು ಅಳಿಯನ ಪಕ್ಕದ ಕುರ್ಚಿಯೊಂದೇ. ಕೂತರು. ಸರದಿ ಬಂದಾಗ ನೆಲ ನೋಡುತ್ತ ಹೇಳಿದರು: "ಬಿಟ್ಟು ಹದಿನಾಲ್ಕು ತಿಂಗಳಾಯ್ತು. ಕುಡೀತಿದ್ದೆ ಅಂತ್ಲೇ ಮನೇಲಿ ಗೊತ್ತಿಲ್ಲ. ಮಂಗಳವಾರ ವಾಕಿಂಗ್ ಅಂತ ಹೇಳಿ ಬರ್ತೀನಿ."

ಮುಳ್ಳಣ್ಣ ಅವರಿಗೊಂದು ಬಾಳೆಹಣ್ಣು ಕೊಟ್ಟ. ಇನ್ನೇನು ಕೊಡಲು ಸಾಧ್ಯ?

ಸಭೆ ಮುಗಿದ ಮೇಲೆ ಅವನು ಟೀಚರಮ್ಮನ ಮುಂದೆ ಕಾಗದ ಹಿಡಿದು, ತಾನು ಬಂದಿದ್ದಕ್ಕೆ ಒಂದು ರುಜು ಕೇಳಿದ. ಅವರು ಮೆಲ್ಲಗೆ ಇಲ್ಲವೆಂದು ತಲೆಯಾಡಿಸಿದರು. "ಇಲ್ಲಿ ಹೆಸರೂ ಇಲ್ಲ, ಹಾಜರಿಯೂ ಇಲ್ಲಪ್ಪ. ಇಲ್ಲಿ ಯಾರನ್ನ ಕಂಡ್ವಿ ಅನ್ನೋದನ್ನ ಹೊಸ್ತಿಲಾಚೆ ಹೇಳೋ ಹಾಗಿಲ್ಲ." ಹಿಂದೆ ನಿಂತ ಮಾವ ಅಷ್ಟು ಜೋರಾಗಿ ಉಸಿರು ಬಿಟ್ಟದ್ದನ್ನು ಮುಳ್ಳಣ್ಣ ಎಂದೂ ಕೇಳಿರಲಿಲ್ಲ.

ಆದರೂ ಅವನು ಹೆಂಡತಿಯ ತವರುಮನೆಗೆ ಹೋದ. ಅಷ್ಟರಲ್ಲಿ ಹಲ್ಲು ಹೇಗಿದೆಯೆಂದು ಕ್ಷೌರಿಕನೂ, ಆಸ್ಪತ್ರೆಯಲ್ಲಿ ಯಾರೆಂದು ಇಸ್ತ್ರಿ ಅಕ್ಕನೂ ಅಲ್ಲಿ ವಿಚಾರಿಸಿಕೊಂಡು ಹೋಗಿದ್ದರು. ಹೆಂಡತಿ ಹತ್ತಿರ ಬಂದು ಮೂಸಿದಳು.

"ಲವಂಗ. ಯಾವುದರ ವಾಸನೆ ಮುಚ್ಚೋಕೆ?"

"ಸಭೆಗೆ ಹೋಗಿದ್ದೆ ಕಣೇ."

"ಯಾರು ನೋಡಿದ್ರು?"

ಅವನಿಗಿಂತ ಮೊದಲೇ ಮನೆ ಸೇರಿದ್ದ ಮಾವ ಪತ್ರಿಕೆಯ ಮರೆಯಲ್ಲಿ ಕೂತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು. ಮುಳ್ಳಣ್ಣ ಒಂದೇ ಒಂದು ಮಾತು ಆಡಿದ್ದರೆ ಅವನ ಸಂಸಾರ ಅವತ್ತೇ ಮನೆ ಸೇರುತ್ತಿತ್ತು, ಮಾವನ ಸಂಸಾರ ಬೀದಿಗೆ ಬರುತ್ತಿತ್ತು. ಟೀಚರಮ್ಮನ ಮಾತು ನೆನಪಾಗಿ ಅವನು ನಾಲಿಗೆ ಕಚ್ಚಿಕೊಂಡ. "ಯಾರೂ ಇಲ್ಲ."

ಪತ್ರಿಕೆ ಇಳಿಯಿತು. ಮಾವನ ಕಣ್ಣು ಒದ್ದೆಯಾಗಿತ್ತು. ಮುಳ್ಳಣ್ಣನಿಗೆ ಆಸೆ ಚಿಗುರಿತು.

"ಇವರ ಬಾಯಿ ಮಾತು ಯಾಕೆ ನಂಬ್ತೀಯಮ್ಮ? ಮುಂದಿನ ಮಂಗಳವಾರದಿಂದ ನಾನೇ ಕರ್ಕೊಂಡು ಹೋಗ್ತೀನಿ. ಮುಗಿಯೋ ತನಕ ಪಕ್ಕದಲ್ಲೇ ಕೂತಿರ್ತೀನಿ" ಎಂದರು ಮಾವ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳಿಗಾಗಿ ವಾಕಿಂಗನ್ನೂ ಬಿಡಲು ಹೊರಟ ಇಂಥ ತಂದೆ ಎಲ್ಲಿ ಸಿಗುತ್ತಾರೆ ಎಂದರು.

"ಎಷ್ಟು ವಾರ ಬೇಕಾಗುತ್ತಪ್ಪಾ?" ಎಂದಳು ಮಗಳು.

ಹದಿನಾಲ್ಕು ತಿಂಗಳಿಂದ ಸುಳ್ಳು ಹೇಳಿ ಹೇಳಿ ದಣಿದಿದ್ದ ಮಾವ, ರಹದಾರಿ ಸಿಕ್ಕವರಂತೆ ಕಾಲು ಚಾಚಿದರು. "ಅವಸರ ಮಾಡಬಾರದಮ್ಮ. ಒಂದು ವರ್ಷ ಅಂತೂ ಬೇಕೇ ಬೇಕು."

"ಸರಿ, ನೀವು ಹೇಳಿದ ಮೇಲೆ ಮುಗೀತು. ವರ್ಷ ಆದ ಮೇಲೇ ಹೋಗ್ತೀನಿ" ಎಂದು ಮಗಳು ಒಳಗೆ ನಡೆದಳು.

ಗೇಟಿನವರೆಗೆ ಬಂದ ಮಾವ ಜುಬ್ಬದ ಜೇಬಿನಿಂದ ಆ ಬಾಳೆಹಣ್ಣು ತೆಗೆದು ಅಳಿಯನ ಕೈಗೆ ಹಿಂತಿರುಗಿಸಿದರು.

"ಐದಕ್ಕೆ ಸರಿಯಾಗಿ ಬಂದ್ಬಿಡಿ, ಅಳಿಯಂದ್ರೇ. ನೀವು ಬರದಿದ್ರೆ ನಾನು ಹೋಗೋದು ಹೇಗೆ?"